ಹನ್ನೊಂದು ಕಿಟಕಿಗಳು

ಏಳನೆಯ ಡೇರೆಗೆ ಕತ್ತರಿ ಹಾಕುತ್ತಿದ್ದಂತೆ ಒಳಗಿನಿಂದ ಯಾರೋ ಕೆಮ್ಮಿದರು. ಡೇರೆ ಅಂಗಡಿಯವನು ಉಸಿರು ಬಿಗಿಹಿಡಿದು ನಿಂತ. ಕೆಮ್ಮು ಅಡಗಿದ ಮೇಲೆ ಮತ್ತೆ ಕತ್ತರಿಸಿದ. ಬಾಗಿಲ ಎಡಕ್ಕೆ, ಎದೆಯೆತ್ತರದಲ್ಲಿ ಕೆಂಪು ಬಣ್ಣದಿಂದ ಅಚ್ಚೊತ್ತಿದ್ದ ಅವನ ಅಂಗಡಿಯ ಹೆಸರು ಅಂಗೈಯಗಲದ ಚೌಕವಾಗಿ ಕಳಚಿ ಬಂತು. ಬೇರೆಯವರ ಬಟ್ಟೆಯ ಜೊತೆ ಬೆರೆತುಹೋಗದಿರಲೆಂದು ಪ್ರತಿಯೊಂದಕ್ಕೂ ತಾನೇ ಒತ್ತಿದ ಅಚ್ಚು ಅದು. ಚೌಕವನ್ನು ಮಡಚಿ ಜೇಬಿಗೆ ತುರುಕಿದ. ಹೆಬ್ಬೆರಳಿನ ಬುಡದಲ್ಲಿ ಆಗಲೇ ಬೊಬ್ಬೆ ಎದ್ದಿತ್ತು. ಹತ್ತು ಗಂಟೆಗೆ ಸ್ಥಳ ತನಿಖೆಗೆ ಅಧಿಕಾರಿ ಬರುತ್ತಾನೆ. ಇನ್ನೂ ನಾಲ್ಕು ಉಳಿದಿವೆ.

"ಏನಣ್ಣ, ಬೆಳಿಗ್ಗೆ ಬೆಳಿಗ್ಗೆ ನಮ್ಮನೆ ಅಳತೆ ತಗೋತಿದ್ದೀರಾ?"

ಎರಡು ಕೈಯಲ್ಲೂ ನೀರಿನ ಬಕೆಟ್ ಹಿಡಿದು ದೊಡ್ಡಕ್ಕ ನಿಂತಿದ್ದಳು. ಆ ಬಿಡಾರದಲ್ಲಿ ಅವಳು ಹೇಳಿದ್ದೇ ಮಾತು. ಅವಳು ಮೊದಲು ತೂತನ್ನು ನೋಡಿದಳು, ಆಮೇಲೆ ಅವನ ಉಬ್ಬಿದ ಜೇಬನ್ನು. ಅವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟ.

ಅಂಗಡಿ ಇರುವ ಕಟ್ಟಡವನ್ನು ಅದರ ಮಾಲೀಕ ಕೆಡವುತ್ತಿದ್ದಾನೆ. ತಿಂಗಳೊಳಗೆ ನಾಲ್ಕು ಹೊಲಿಗೆ ಯಂತ್ರ, ಇನ್ನೂರು ಕಂಬ, ಮೇಲಿನ ಕೋಣೆಯ ಸಂಸಾರ ಎಲ್ಲವನ್ನೂ ಎತ್ತಿಕೊಂಡು ಹೊರಡಬೇಕು. ಹೋಗಲು ಇರುವುದು ಇದೊಂದೇ ನೆಲ, ಊರವರ ಸಂಭ್ರಮಕ್ಕೆಲ್ಲ ಡೇರೆ ಹಾಕಿ ಇಪ್ಪತ್ತು ವರ್ಷ ಜೀವ ತೇಯ್ದು ಕೊಂಡದ್ದು. ರಸ್ತೆ ಕೆಲಸಕ್ಕೆ ಬಂದು, ಕೆಲಸ ಮುಗಿದ ಮೇಲೂ ಹೋಗಲು ಜಾಗವಿಲ್ಲದೆ ಇವರು ಇಲ್ಲಿ ತಂಗಿದಾಗ ಅವನು ಕೇಳದೆ ಸುಮ್ಮನಿದ್ದ. ಕಳೆದ ಮಳೆಗಾಲದಲ್ಲಿ ಹರಿದ ಪ್ಲಾಸ್ಟಿಕ್ಕಿನಡಿ ಮಕ್ಕಳು ಮುದುಡಿ ಕೂತಿದ್ದನ್ನು ಕಂಡು ಹನ್ನೊಂದು ಹಳೆಯ ಡೇರೆ ತಂದು, ನೆನೆಯುತ್ತಲೇ ಗೂಟ ಹೊಡೆದುಕೊಟ್ಟ. ವಾರವಿಡೀ ಆ ಕಥೆಯನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ಉಬ್ಬಿದ್ದ.

ಜಾಗ ತೆರವು ಮಾಡಿಸಬೇಕೆಂದು ಹೋದಾಗ ವಕೀಲರು ಅದನ್ನು ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು. ನೆಲವೂ ನಿಮ್ಮದು, ಡೇರೆಯೂ ನಿಮ್ಮದು ಅಂದ ಮೇಲೆ ಅವರು ಅತಿಕ್ರಮಣಕಾರರು ಹೇಗಾಗುತ್ತಾರೆ, ನೀವೇ ಕರೆದು ಕೂರಿಸಿಕೊಂಡ ನೆಂಟರು ಅನ್ನುತ್ತಾರೆ, ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುತ್ತದೆ ಎಂದರು. ನೋಟಿಸು, ಸ್ಥಳ ತನಿಖೆ, ತೆರವು: ದಯೆ ತೋರಿಸದೆ ಇದ್ದಿದ್ದರೆ ಎರಡು ವಾರದ ಕೆಲಸವಂತೆ.

ದೊಡ್ಡಕ್ಕ ಬಕೆಟ್ ಕೆಳಗಿಟ್ಟಳು.

"ಅಂದ್ರೆ, ಇವನ್ನ ಕೊಟ್ಟಿದ್ದು ನೀವು ಅಂತ ನಾನೊಂದು ಮಾತು ಹೇಳಿದ್ರೆ ನಾವು ಇಲ್ಲೇ ಇರ್ಬಹುದು."

"ಹೂಂ."

"ನೀವು ಬೀದಿಗೆ."

"ಹೂಂ."

"ಮತ್ತೆ ನನ್ನ ಹತ್ರ ಯಾಕೆ ಬಾಯಿಬಿಟ್ರಿ?"

 ಅವನು ಎಂಟನೆಯ ಡೇರೆಯತ್ತ ತಿರುಗಿದ. ಅವಳು ತಡೆಯಲಿಲ್ಲ. ಒಂಬತ್ತನೆಯದರ ಹತ್ತಿರ ಮಾತ್ರ, ಒಳಗೆ ಬಾಣಂತಿ ಮಲಗಿದ್ದಾಳೆ, ಸದ್ದು ಮಾಡಬೇಡಿ ಎಂದಳು. ಅವನು ಕತ್ತರಿಯನ್ನು ಕಚ್ಚಿಸಿ ಕಚ್ಚಿಸಿ, ಕಳ್ಳನಿಗಿಂತ ಮೆಲ್ಲಗೆ ತನ್ನ ಹೆಸರನ್ನು ಬಿಡಿಸಿಕೊಂಡ.

ಅಧಿಕಾರಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಜೊತೆಗೆ ಒಬ್ಬ ಫೋಟೋದವನು, ಇಬ್ಬರು ಪೊಲೀಸರು. ಒಂದೊಂದು ಡೇರೆಯ ಮುಂದೆ ನಿಂತು ಫೋಟೋ ತೆಗೆಸುತ್ತ ಬಂದವನು ಮೂರನೆಯದರ ಬಳಿ ತಡೆದು ನಿಂತ. ತೂತಿನೊಳಗೆ ಬೆರಳು ತೂರಿಸಿ ಆಡಿಸಿದ. ಹಿಂದಿರುಗಿ ಮೊದಲೆರಡನ್ನು ನೋಡಿ ಬಂದ, ಮುಂದಿನ ಸಾಲಿನ ಮೇಲೂ ಕಣ್ಣು ಹಾಯಿಸಿದ.

"ಇದೇನು, ಎಲ್ಲದಕ್ಕೂ ಒಂದೇ ಜಾಗದಲ್ಲಿ ಚೌಕ?"

ಡೇರೆ ಅಂಗಡಿಯವನು ಉಬ್ಬಿದ ಜೇಬಿನ ಮೇಲೆ ಕೈ ಮುಚ್ಚಿಕೊಂಡ. ಅಧಿಕಾರಿ ಕೇಳಿದ್ದು ಅವನನ್ನಲ್ಲ, ದೊಡ್ಡಕ್ಕನನ್ನು.

"ಕಿಟಕಿ ಸಾರ್," ಅಂದಳು ಅವಳು. "ಒಳಗೆ ಸೆಖೆ."

ಪೊಲೀಸನೊಬ್ಬ ನಕ್ಕ. ಅಧಿಕಾರಿ ನಗಲಿಲ್ಲ. "ಬಟ್ಟೆ ಒಳ್ಳೇದಿದೆ. ಯಾರು ಕೊಟ್ರು?"

ಅವಳು ಡೇರೆ ಅಂಗಡಿಯವನನ್ನು ನೋಡಿದಳು. ಅವನು ತನ್ನ ಚಪ್ಪಲಿ ನೋಡಿಕೊಂಡ. ಒಂಬತ್ತನೆಯ ಡೇರೆಯೊಳಗಿಂದ ಕೂಸು ಅಳುವುದು ಕೇಳುತ್ತಿತ್ತು.

"ನಮ್ಮಂಥೋರಿಗೆ ಯಾರು ಕೊಡ್ತಾರೆ ಸಾರ್? ಎಲ್ಲೋ ಬಿದ್ದಿತ್ತು, ಆಯ್ಕೊಂಡು ಬಂದ್ವಿ."

ಅಧಿಕಾರಿ ಅದನ್ನು ಹಾಗೆಯೇ ಬರೆದುಕೊಂಡ. ನಿಮಗೇನಾದರೂ ಹೇಳುವುದಿದೆಯೇ ಎಂದು ಜಾಗದ ಮಾಲೀಕನಾದ ಡೇರೆ ಅಂಗಡಿಯವನನ್ನು ಕೇಳಿದ. ಅವನು ಇಲ್ಲವೆಂದು ತಲೆಯಾಡಿಸಿ, ತೋರಿಸಿದ ಕಡೆ ಸಹಿ ಹಾಕಿದ. ಸಂಜೆಯೊಳಗೆ ತೆರವು ಎಂದಾಯಿತು.

ಮಧ್ಯಾಹ್ನಕ್ಕೆಲ್ಲ ಡೇರೆಗಳು ನೆಲಕ್ಕೆ ಬಿದ್ದಿದ್ದವು. ಯಾರೂ ಅಳಲಿಲ್ಲ, ಬಯ್ಯಲಿಲ್ಲ; ಎಷ್ಟೋ ಸಲ ಮಾಡಿದ ಕೆಲಸದಂತೆ ಗೂಟ ಕಿತ್ತು ಹಗ್ಗ ಸುತ್ತುತ್ತಿದ್ದರು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಅವನು ಅಂಗಡಿಗೆ ಓಡಿ ಹೋಗಿ ಗಾಡಿಯ ತುಂಬ ಹೊಸ ಡೇರೆಬಟ್ಟೆ ಹೇರಿಕೊಂಡು ಬಂದ. ಮಡಿಕೆ ಬಿಚ್ಚದವು, ಮೇಣದ ವಾಸನೆ ಹಾರದವು. ಎಣಿಸಿ ಹನ್ನೊಂದು.

"ದೊಡ್ಡಕ್ಕ, ಹಳೇದೆಲ್ಲ ತೂತು ಬಿದ್ದಿದೆ, ಮಳೆ ಬರೋ ಹಾಗಿದೆ. ಇವನ್ನ ತಗೊಳ್ಳಿ. ಅಚ್ಚು ಹಾಕಿಲ್ಲ, ಯಾರೂ ಏನೂ ಕೇಳಲ್ಲ."

ಅವಳು ತೂತು ಒಳಮಗ್ಗುಲಿಗೆ ಬರುವಂತೆ ಬಟ್ಟೆ ಮಡಚುತ್ತಿದ್ದಳು. ಬಾಣಂತಿ ಕೂಸನ್ನೆತ್ತಿಕೊಂಡು ಗಾಡಿಯ ಹತ್ತಿರ ಬಂದು ಹೊಸ ಬಟ್ಟೆಯನ್ನು ಮುಟ್ಟಿ ನೋಡಿದಳು. ದೊಡ್ಡಕ್ಕ ಅವಳ ಕೈ ಹಿಡಿದು ಹಿಂದಕ್ಕೆ ಸರಿಸಿದಳು.

"ಆವತ್ತು ಮಳೇಲಿ ಕೊಟ್ರಿ, ತಗೊಂಡ್ವಿ," ಅಂದಳು. "ಇದು ಬೇಡ. ಗಾಡಿ ತಿರುಗಿಸ್ಕೊಳ್ಳಿ."