ಯಾರ ಗಾಡಿಯ ಪಿಕಪ್ ಹೆಚ್ಚು?

ಪ್ರತಾಪ ಬಗ್ಗಿ ಕರಿ ಗಾಡಿಯ ಕೆಳಗೆ ಇಣುಕಿದ. ಎದ್ದು ನಿಂತು ಅಂಗೈ ಒರೆಸಿಕೊಂಡ. ಗುರಲಿಂಗಪ್ಪ ಎಂಜಿನ್ನಿಗೆ ಏನೋ ಕೈಚಳಕ ಮಾಡಿಸಿದ್ದಾನೆಂದು ಅವನಿಗೆ ಖಾತ್ರಿಯಾಗಿತ್ತು.

“ಶೋರೂಮಿನಿಂದ ಬಂದಂಗ ಐತಿ. ಸೋಲೂದಕ್ಕ ಈಗ ನೆವ ಹುಡುಕಬ್ಯಾಡ,” ಎಂದ ಗುರಲಿಂಗಪ್ಪ.

ಟಿಕೋಟಾದ ಪರಸಪ್ಪನ ಮನೆ ಮುಂದೆ ಎರಡು ಗಾಡಿಗಳು ಹಟಕ್ಕೆ ಬಿದ್ದಂತೆ ಅಕ್ಕಪಕ್ಕ ನಿಂತಿದ್ದವು. ಬಬಲೇಶ್ವರದ ಪ್ರತಾಪನದು ಬಿಳಿಯದು, ಡೀಸೆಲ್ಲು; ಏರು ಬಂದರೆ ಅದರದೇ ಆಟ. ಬಿಜ್ಜರಗಿಯ ಗುರಲಿಂಗಪ್ಪನದು ಕರಿಯದು, ಟರ್ಬೊ ಪೆಟ್ರೋಲು. ಸೊನ್ನೆಯಿಂದ ನೂರಕ್ಕೆ ಏರುವಷ್ಟರಲ್ಲಿ ಕೂತವರ ಬೆನ್ನು ಸೀಟಿಗೆ ಅಂಟಿರುತ್ತಿತ್ತು.

ಜಗಳ ಗಾಡಿಯದಲ್ಲ, ಪರಸಪ್ಪನ ಮಗಳು ದಾನೇಶ್ವರಿಯದು. ಪ್ರತಾಪ ಅವಳ ತಾಯಿಯ ತಮ್ಮ. ಸೋದರಮಾವನಿಗೇ ಮೊದಲ ಹಕ್ಕು ಎನ್ನುತ್ತಿದ್ದ. ಗುರಲಿಂಗಪ್ಪ ಸೋದರತ್ತೆಯ ಮಗ. ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿದೆ ಎನ್ನುತ್ತಿದ್ದ. ಹಿರಿಯರು ಕೂತರು, ಎದ್ದರು. ಒಮ್ಮೆ ಕೊಡಲಿಯೂ ಹೊರಬಂತು. ಇಬ್ಬರೂ ಒಪ್ಪಿದ್ದು ಒಂದೇ ಮಾತಿಗೆ: ಹೊರಗಿನವನು ಯಾವನಾದರೂ ನಡುವೆ ಬಂದರೆ ಅವನ ಕಾಲು ಮುರಿಯುವುದು. ಅವಳ ಅಣ್ಣ ಸಂಗಣ್ಣನಂತೂ ತಂಗಿಯ ಕಾಲನ್ನೂ ಆ ಲೆಕ್ಕಕ್ಕೆ ಸೇರಿಸಿದ್ದ.

ಯಾರಿಗೆ ಕೊಡಬೇಕೆಂದು ದಾನೇಶ್ವರಿಯನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೇ ಆ ಮನೆಯಲ್ಲಿರಲಿಲ್ಲ. ಅವಳ ತಾಯಿ ರೇಣುಕಾಳನ್ನೂ ಹೀಗೆಯೇ ಕೇಳದೆ ಕೊಟ್ಟಿದ್ದರು. ಜಗಳ ವಿಪರೀತಕ್ಕೆ ಹೋದಾಗ ದಾನೇಶ್ವರಿಯೇ ಒಂದು ದಾರಿ ಸೂಚಿಸಿದಳು. ಇಬ್ಬರೂ ಗಾಡಿಯ ಮೇಲೆ ಜೀವ ಇಟ್ಟವರು. ಗಾಡಿಗಳೇ ತೀರ್ಮಾನ ಮಾಡಲಿ ಎಂದಳು. ಗಂಡಸರಿಗೆ ಅದು ನ್ಯಾಯವಾಗಿಯೇ ಕಂಡಿತು.

ಪಂಚನಾಗಿ ಬಂದವನು ರಾಜರತ್ನ. ವಿಜಯಪುರದವನು. ಯೂಟ್ಯೂಬಿನಲ್ಲಿ ಗಾಡಿಗಳನ್ನು ಹೋಲಿಸಿ ಒಳ್ಳೆಯದು ಕೆಟ್ಟದ್ದು ಹೇಳುವವನು. ಗಾಡಿ ಕೊಳ್ಳುವ ಮುಂಚೆ ಇಬ್ಬರೂ ನೋಡಿದ್ದು ಅವನ ವೀಡಿಯೊಗಳನ್ನೇ. ಬೇರೆಯವರ ಗಾಡಿಗೆ ಅಂಕ ಕೊಡುವ ಅವನು ತಾನು ಬಂದದ್ದು ಬಣ್ಣ ಹೋದ ಸ್ಕೂಟರಿನ ಮೇಲೆ. ಕಟ್ಟೆಯ ಮೇಲೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ ಬಂತು, ಅವನಿಗೆ ಕಾಗದದ ಕಪ್ಪಿನಲ್ಲಿ. ಯಾಕೆಂದು ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ದಾನೇಶ್ವರಿ ತಾನೂ ಒಂದು ಕಾಗದದ ಕಪ್ಪು ತೆಗೆದುಕೊಂಡು ಕುಡಿದಳು. ಟೈರು ಒದ್ದು ನೋಡುವುದರಲ್ಲಿ ಮುಳುಗಿದ್ದವರು ಅದನ್ನು ಗಮನಿಸಲಿಲ್ಲ.

ರಾಜರತ್ನನ ಕರಾರುಗಳು ಬಿಗಿಯಾಗಿದ್ದವು. ಸ್ಟೆಪ್ನಿ ಇಳಿಸಬೇಕು. ಟ್ಯಾಂಕಿನಲ್ಲಿ ಕನಮಡಿ ದಾಟಿ ಒಂಟಿ ಬೇವಿನ ಮರ ಮುಟ್ಟುವಷ್ಟೇ ಎಣ್ಣೆ. ವಾಪಸು ಬರಲು ಅಲ್ಲಿ ತನ್ನ ಹುಡುಗರು ಕ್ಯಾನು, ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಸಾಕ್ಷಿಗೆಂದು ಗಾಡಿಗೊಬ್ಬರು ಕೂರಬೇಕು: ಬಿಳಿಯದರಲ್ಲಿ ಪರಸಪ್ಪ, ಕರಿಯದರಲ್ಲಿ ಸಂಗಣ್ಣ. ವೇಗ ಅಳೆಯುವ ಯಂತ್ರಕ್ಕೆ ಅಡ್ಡಿಯಾಗುತ್ತದೆ, ಆದ್ದರಿಂದ ಫೋನುಗಳು ಇಲ್ಲೇ ಇರಬೇಕು.

ಫೋನಿನ ಮಾತಿಗೆ ಪ್ರತಾಪ ಹುಬ್ಬು ಗಂಟಿಕ್ಕಿದ.

“ಅಂಜಿಕಿ ಇದ್ದವ್ರು ಇಟ್ಕೊಳ್ರಿ ಮಾಮಾ,” ಎಂದಳು ದಾನೇಶ್ವರಿ.

ನಾಲ್ಕೂ ಫೋನುಗಳು ಕಟ್ಟೆಯ ಮೇಲಿನ ಬುಟ್ಟಿಗೆ ಬಿದ್ದವು. ಸೊಸೆಯ ಎದುರು ಮುಖ ಕೆಟ್ಟಿದ್ದಕ್ಕೆ ಪ್ರತಾಪನಿಗೆ ಉರಿಯುತ್ತಿತ್ತು. ಯಾರ ಮೇಲಾದರೂ ತೀರಿಸಿಕೊಳ್ಳಬೇಕಲ್ಲ, ರಾಜರತ್ನನ ಸ್ಕೂಟರನ್ನು ಕಾಲಿನಿಂದ ತಿವಿದ.

“ಇದರ ಪಿಕಪ್ ಯಾವಾಗ ಅಳೀತಿಲೇ?”

“ಇವತ್ತ ಅಳ್ಯಾವ ಅದೀನ್ರಿ.”

ಎಲ್ಲರೂ ನಕ್ಕರು. ಅಷ್ಟರಲ್ಲಿ ರೇಣುಕಾ ಹೊಸ ಇಳಕಲ್ ಸೀರೆ ಉಟ್ಟು ಹೊರಬಂದಳು. ತಾನು ಗೆಲ್ಲುವುದು ಅಕ್ಕನಿಗೆ ಮೊದಲೇ ಗೊತ್ತಾಗಿದೆಯೆಂದು ಪ್ರತಾಪ ಬೀಗಿದ. ಅವಳು ತಮ್ಮನ ಮುಖ ನೋಡಿ ಸೆರಗು ಸರಿಪಡಿಸಿಕೊಂಡಳು.

ದಾನೇಶ್ವರಿ ಕರವಸ್ತ್ರ ಬೀಸಿದಳು.

ಕರಿ ಗಾಡಿ ಮೊದಲು ಜಿಗಿಯಿತು. ಟಿಕೋಟಾ ಹಿಂದಾಗುವಷ್ಟರಲ್ಲಿ ಬಿಳಿಯದು ಅದರ ಧೂಳು ತಿನ್ನುತ್ತಿತ್ತು. ಮೊದಲ ಏರಿನಲ್ಲಿ ಡೀಸೆಲ್ಲು ತನ್ನ ಗುಣ ತೋರಿಸಿತು. ಪ್ರತಾಪ ಪಕ್ಕಕ್ಕೆ ಬಂದು ಕಿಟಕಿ ಇಳಿಸಿ ಗುರಲಿಂಗಪ್ಪನ ವಂಶವನ್ನೆಲ್ಲ ಜಾಲಾಡಿದ. ಗುರಲಿಂಗಪ್ಪ ಬೈಯುವುದು ಬಿಟ್ಟು ಸ್ಟೇರಿಂಗನ್ನು ಅವನತ್ತ ತಿರುಗಿಸಿದ. ಬಾಗಿಲಿಗೆ ಬಾಗಿಲು ಉಜ್ಜಿತು. ಕುರಿಗಳು ಚೆಲ್ಲಾಪಿಲ್ಲಿಯಾದವು. ಪರಸಪ್ಪ ಕಣ್ಣು ಮುಚ್ಚಿ ಸಿದ್ಧೇಶ್ವರನಿಗೆ ಹರಕೆ ಹೊತ್ತ.

ಬೇವಿನ ಮರವನ್ನು ಎರಡೂ ಒಟ್ಟಿಗೇ ದಾಟಿದವು. ಕನಿಷ್ಠ ಪರಸಪ್ಪನಿಗೆ ಹಾಗೆ ಕಂಡಿತು. ಇಬ್ಬರೂ ಇಳಿದವರೇ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದರು.

“ಕ್ಯಾಮೆರಾದಾಗ ನೋಡೂಣು ನಡೀರಿ,” ಎಂದು ಸಂಗಣ್ಣ ಬಿಡಿಸಿದ.

ಮರದ ಕೆಳಗೆ ಕ್ಯಾಮೆರಾ ಇರಲಿಲ್ಲ. ಹುಡುಗರಿರಲಿಲ್ಲ, ಕ್ಯಾನೂ ಇರಲಿಲ್ಲ. ರಾಜರತ್ನ ಎದುರಾಳಿಯಿಂದ ಲಂಚ ತಿಂದಿದ್ದಾನೆಂದು ಇಬ್ಬರೂ ಏಕಕಾಲಕ್ಕೆ ಕೂಗಾಡಿದರು. ಹಿಂದಿರುಗಿ ಅವನನ್ನು ತುಳಿಯಬೇಕೆಂದು ಪ್ರತಾಪ ಗಾಡಿ ತಿರುಗಿಸಿದ. ಬಿಳಿಯದು ಎರಡು ಸಲ ಕೆಮ್ಮಿ ನಿಂತಿತು. ಕರಿಯದು ಕೆಮ್ಮಲೂ ಇಲ್ಲ.

ಬಿಸಿಲಲ್ಲಿ ತಾಸುಗಟ್ಟಲೆ ಬೈದಾಡಿ ಬಾಯಿ ಒಣಗಿದ ಮೇಲೆ ಒಣದ್ರಾಕ್ಷಿ ಹೇರಿದ ಟೆಂಪೊ ಬಂತು. ಕನಮಡಿಯ ಯಾಸೀನನದು. ಪ್ರತಾಪ ಅವನ ಫೋನು ಕಸಿದುಕೊಂಡ. ಮನೆಗೆ ಹಚ್ಚಿದ, ಯಾರೂ ಎತ್ತಲಿಲ್ಲ. ರಾಜರತ್ನನ ಚಾನೆಲ್ ತೆರೆದ. ನೇರಪ್ರಸಾರ ನಡೆದಿತ್ತು. ನಾಲ್ಕು ತಲೆಗಳು ಒಂದು ಫೋನಿನ ಮೇಲೆ ಬಾಗಿದವು.

ವಿಜಯಪುರದ ವಿವಾಹ ನೋಂದಣಿ ಕಚೇರಿ. ಕಾಗದಕ್ಕೆ ಸಾಕ್ಷಿಯಾಗಿ ಸಹಿ ಮಾಡುತ್ತಿದ್ದ ಹೆಂಗಸು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಹೊರಗೆ ಆ ಬಣ್ಣ ಹೋದ ಸ್ಕೂಟರು. ಅದರ ಪಕ್ಕ ಕೊರಳಲ್ಲಿ ಹಾರ ಹಾಕಿಕೊಂಡ ರಾಜರತ್ನ. ಅವನ ಭುಜಕ್ಕೆ ಭುಜ ತಾಗಿಸಿ ನಿಂತ ದಾನೇಶ್ವರಿ, ಅವಳ ಕೊರಳಲ್ಲೂ ಅಂಥದೇ ಹಾರ. ಅವಳು ಕ್ಯಾಮೆರಾದ ಹತ್ತಿರ ಬಂದು ನಕ್ಕಳು.

“ಅವ್ವನ್ನೂ ಕೂಡಿಸ್ಕೊಂಡು ಮೂರು ಮಂದಿ ಬಂದ್ವಿ ಮಾಮಾ, ಪಿಕಪ್ ಚಲೋ ಐತಿ.”