ಅರ್ಧ ಮುಖ

ಯುದ್ಧದಲ್ಲಿ ಎಡಗಣ್ಣು ಹೋದಂದಿನಿಂದ ದೊರೆ ಕನ್ನಡಿ ನೋಡಿರಲಿಲ್ಲ. ತನ್ನ ವೇಷದಲ್ಲಿ ಶತ್ರು ಕೋಟೆ ಹೊಕ್ಕಾನೆಂಬ ಭಯ ಬೇರೆ. ಗಾಜು ಕಾಸುವ ಮುದುಕನನ್ನು ಕರೆಸಿ, ಕಾವಲುಗಾರರಿಗೆಲ್ಲ ತನ್ನ ಮುಖವಿರುವ ಮಣಿ ಮಾಡಿಕೊಡು ಎಂದ.

“ಅರ್ಧ ಮುಖ ಸಾಕು ಬುದ್ಧಿ,” ಎಂದ ಮುದುಕ. “ಬಣ್ಣದ ಗಾಜಿನ ಕಡ್ಡಿಗಳನ್ನ ಅರ್ಧ ಮುಖದ ಹಾಗೆ ಜೋಡಿಸಿ, ಕಾಸಿ, ಉದ್ದಕ್ಕೆ ಎಳೀತೀನಿ. ಎಲ್ಲಿ ಕುಯ್ದ್ರೂ ಅದೇ ಅರ್ಧ ಮುಖ ಬತ್ತದೆ. ಒಂದು ಬಿಲ್ಲೆ ಮಗುಚಿ ಇನ್ನೊಂದರ ಪಕ್ಕ ಬೆಸೆದ್ರೆ ಪೂರ್ತಿ ಮುಖ.”

“ಯಾವ ಅರ್ಧ?”

ಮುದುಕ ತಲೆ ತಗ್ಗಿಸಿದ. “ಬಲಗಡೇದು, ಬುದ್ಧಿ.”

ಮಣಿಯಲ್ಲಿ ಎರಡೂ ಕಣ್ಣು ಹೊಳೆದವು. ಎಷ್ಟೋ ವರ್ಷಗಳ ಮೇಲೆ ದೊರೆ ನಕ್ಕ. ದೂರದೂರಿಂದ ಹೊಸದಾಗಿ ಬಂದ, ತನ್ನನ್ನು ಕಂಡೇ ಇರದ ಕಾವಲುಗಾರರ ಕೊರಳಿಗೆಲ್ಲ ಅದನ್ನು ಕಟ್ಟಿಸಿದ. ಈ ಮುಖಕ್ಕೆ ಹೊಂದದವನು ದೊರೆಯೆಂದು ಬಂದರೆ ಕೊಂದುಬಿಡಿ ಎಂದು ಅಪ್ಪಣೆ ಕಳಿಸಿದ.

ಮಳೆಗಾಲ ಮುಗಿಯುತ್ತಲೇ ಅವನ ಸೇನೆ ಸೋತಿತು. ಮುಸ್ಸಂಜೆಗೆ ದೊರೆ ಒಬ್ಬನೇ ಕುದುರೆ ಓಡಿಸಿಕೊಂಡು ಕೋಟೆಬಾಗಿಲಿಗೆ ಬಂದ. ಬೆನ್ನ ಹಿಂದೆ ಶತ್ರುಗಳ ಧೂಳು.

“ಬಾಗಿಲು ತೆಗೀರೋ! ನಾನು ನಿಮ್ಮ ದೊರೆ!”

ಗೋಡೆಯ ಮೇಲಿದ್ದ ಕಾವಲುಗಾರ ಕೊರಳ ಮಣಿ ಎತ್ತಿ ನೋಡಿದ. ಕೆಳಗಿನ ಮುಖ ನೋಡಿದ. ಮತ್ತೆ ಮಣಿ ನೋಡಿದ.

“ಇವನಿಗೆ ಒಂದೇ ಕಣ್ಣು ಕಣ್ರೋ,” ಎಂದು ಕೂಗಿದ. “ಬಿಲ್ಲು ತನ್ನಿ.”