ನೀಲಿ ಚೀಟಿಯ ಮನೆ

ಬಾಡಿಗೆಗೆ ಬಿಡಲೆಂದು ಇನ್ನೊಂದು ಮನೆ ಕೊಳ್ಳಲು ಹುಡುಕುತ್ತಿದ್ದ ನಾಗವೇಣಿಗೆ ಇದು ನಂಬಲಾರದಷ್ಟು ಅಗ್ಗಕ್ಕೆ ಕುದುರಿತ್ತು. ಅಗ್ರಿಮೆಂಟಿಗೆ ಸಹಿ ಹಾಕಲು ಪೆನ್ನು ತೆಗೆದಾಗ ಟೀಪಾಯಿಯ ಮೇಲಿದ್ದ ಆಸ್ಪತ್ರೆಯ ಫೈಲು ಕಣ್ಣಿಗೆ ಬಿತ್ತು. ಅದರ ಮೇಲೊಂದು ನೀಲಿ ಚೀಟಿ: 312.

"ನಮ್ಮನೆಯವಳದು. ಹೊಸ ಔಷಧಿ ಬಂದಿದೆಯಂತೆ, ಅದರ ಖರ್ಚಿಗೇ ಈ ಅವಸರ," ಎಂದರು ಮನೆಯ ಯಜಮಾನರು, ಅಡುಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ.

ನಾಗವೇಣಿಯ ಕೈಯಿಂದ ಪೆನ್ನು ಜಾರಿ ಕೆಳಗೆ ಬಿತ್ತು. ಅವಳ ಪ್ರಯೋಗಾಲಯಕ್ಕೆ ರೋಗಿಗಳ ಕ್ಯಾನ್ಸರ್ ಗಡ್ಡೆಯ ಚೂರುಗಳು ಬರುತ್ತಿದ್ದುದು ಹೀಗೆಯೇ, ಹೆಸರಿಲ್ಲದೆ, ನೀಲಿ ಚೀಟಿಯ ನಂಬರಿನಲ್ಲಿ. ಯಾವ ಔಷಧಿಗೆ ಯಾವ ಜೀವಕೋಶ ಸಾಯುತ್ತದೆಂದು ನೋಡುವುದು ಅವಳ ಕೆಲಸ. 312ರ ಜೀವಕೋಶಗಳು 'ಬೆಳೆ' ಎನ್ನುವ ಸಂಕೇತಕ್ಕೆ ಮಾತ್ರ ಕಿವಿಗೊಡುತ್ತಿದ್ದವು. ಆ ಹೊಸ ಔಷಧಿಗೆ ಒಂದಿಷ್ಟೂ ಜಗ್ಗಿರಲಿಲ್ಲ.

ಬಾಯಿ ಬಿಟ್ಟರೆ ಮನೆ ಕೈತಪ್ಪುತ್ತದೆ. ಅಡುಗೆಮನೆಯಲ್ಲಿ ಯಜಮಾನರ ಹೆಂಡತಿ ಏನೋ ಹಾಡು ಗುನುಗುತ್ತ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿಡುತ್ತಿದ್ದರು.

"ಮನೆ ಮಾರ್ಬೇಡಿ ಸಾರ್," ನಾಗವೇಣಿ ಪಿಸುಗುಟ್ಟಿದಳು. "ಆ ಔಷಧಿ ಅವರಿಗೆ ನಾಟಲ್ಲ. ಪರೀಕ್ಷೆ ಮಾಡಿದ್ದು ನಾನೇ."

ಯಜಮಾನರು ಎದ್ದುಹೋಗಿ ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದರು.

"ಗೊತ್ತಮ್ಮ. ಡಾಕ್ಟ್ರು ಮೊನ್ನೇನೇ ಹೇಳಿದ್ರು."

"ಗೊತ್ತಿದ್ದೂ ಯಾಕೆ ಮಾರ್ತಿದೀರಿ?"

ಅವರು ಕೆಳಗೆ ಬಿದ್ದಿದ್ದ ಪೆನ್ನನ್ನು ಎತ್ತಿ ಅವಳ ಕೈಗಿಟ್ಟರು.

"ಮಾರೋದು ನಿಲ್ಸಿದ್ರೆ ಅವಳಿಗೂ ಗೊತ್ತಾಗ್ಬಿಡುತ್ತಲ್ಲಮ್ಮ."